ತಿಮ್ಮರಾಯಪ್ಪ ಹೇಳಿದ ರಾಕ್ಷಸರ ಪಟ್ಟಣ

ಕೊರಟಗೆರೆ ಸೀಮೆಯ ಬಯಲಾಟಗಳಲ್ಲಿ ರಾಕ್ಷಸನೆಂದರೆ ತಿಮ್ಮರಾಯಪ್ಪನೇ. ಆರಡಿ ಆಳು, ಹೊಟ್ಟೆಯೊಳಗಿಂದ ಏಳುವ ಕಂಠ. ಯುದ್ಧಕ್ಕೆ ಆಳು ಸೇರಿಸಿಕೊಳ್ಳುವವರು ಮಧುಗಿರಿಗೆ ಬಂದಾಗ ಆ ಮೈಕಟ್ಟನ್ನು ಮೆಚ್ಚಿಯೇ ಕರೆದೊಯ್ದರು. ಸಿಂಗಾಪುರದಲ್ಲಿ ಜಪಾನಿಯರಿಗೆ ಸೆರೆಸಿಕ್ಕಿ, ಮೂರೂವರೆ ವರ್ಷ ತಂತಿಬೇಲಿಯೊಳಗೆ ಕಳೆದು, ಸಾವಿರದ ಒಂಬೈನೂರ ನಲವತ್ತಾರರಲ್ಲಿ ಊರಿಗೆ ಬಂದ. ಹೆಂಡತಿ ಓಬಳಮ್ಮ ಗುರುತು ಹಿಡಿದದ್ದು ಅವನ ಕಿವಿಗಳನ್ನು. ಉಳಿದದ್ದೆಲ್ಲ ಕರಗಿಹೋಗಿತ್ತು.

ಮನೆಯಲ್ಲಿ ಬಾಗಿಲು ಹಾಕಿದರೆ ಅವನಿಗೆ ಉಸಿರು ಕಟ್ಟುತ್ತಿತ್ತು. ತೆರೆದಿಟ್ಟರೆ ಯಾರೋ ಕಿತ್ತುಕೊಳ್ಳುತ್ತಾರೆಂದು ಮುದ್ದೆಯ ತಣಿಗೆಯನ್ನು ಎದೆಗವಚಿಕೊಂಡು ಉಣ್ಣುತ್ತಿದ್ದ.

ಒಂದು ಮಧ್ಯಾಹ್ನ ಆಟದ ಭಾಗವತ ಸಂಜೀವಯ್ಯ ಬಂದು ಜಗಲಿಯ ಮೇಲೆ ಕೂತ. "ಮತ್ತೆ ವೇಷ ಕಟ್ಟು ಕಣ್ಲಾ. ನೀನಿಲ್ದೆ ಆಟ ಸಪ್ಪೆ ಆಗ್ಬುಟ್ಟೈತೆ."

"ಕಟ್ತೀನಿ. ಕಥೆ ಮಾತ್ರ ನಾನ್ ಹೇಳಿದ್ದೇ ಆಗ್ಬೇಕು."

ಅವನು ಹೇಳಿದ್ದು ಧೂಮ್ರಾವತಿಯೆಂಬ ರಾಕ್ಷಸರ ಪಟ್ಟಣದ ಕಥೆ. ಅಲ್ಲಿ ನೆರೆಯವನನ್ನು ಕರೆಯದೆ ಯಾರೂ ಉಣ್ಣುತ್ತಿರಲಿಲ್ಲ. ಗಂಡ ಸತ್ತವಳ ಸೂರನ್ನು ಇಡೀ ಬೀದಿ ಸೇರಿ ಹೊದಿಸುತ್ತಿತ್ತು. ಶತ್ರುಗಳು ಮುತ್ತಿಗೆ ಹಾಕಿದಾಗ ಅರಸ ಕೋಟೆಯ ಬಾಗಿಲು ಜಡಿಸಿದ. ಮೊದಲ ವರ್ಷ ಗಂಜಿ ಹಂಚಿಕೊಂಡರು. ಎರಡನೆಯ ವರ್ಷ ಮನೆಮನೆಗೂ ಒಳಗಿಂದ ಅಗುಳಿ ಬಂತು. ಮೂರನೆಯ ವರ್ಷ, ಕತ್ತಿ ಎತ್ತಲಾರದ ಮುದುಕರಿಗೆ ಪಾಲಿಲ್ಲವೆಂದು ಡಂಗುರ ಹೊಡೆಸಿದರು. ಆಮೇಲೆ ಸತ್ತವರನ್ನು ತಿಂದರು. ಆಮೇಲೆ ಸಾಯುವತನಕ ಕಾಯಲಿಲ್ಲ. ಹೊರಗಿನ ಸೈನ್ಯ ಎಂದೋ ಡೇರೆ ಕಿತ್ತುಕೊಂಡು ಹೋಗಿತ್ತು. ಆದರೆ ಗೋಡೆ ಹತ್ತಿ ನೋಡುವ ಧೈರ್ಯ ಒಬ್ಬನಿಗೂ ಇರಲಿಲ್ಲ, ಬೆನ್ನು ತಿರುಗಿಸಿದರೆ ಪಕ್ಕದವನು ಬಿಡುತ್ತಿರಲಿಲ್ಲ.

"ಆಮೇಲೆ ದೇವ್ರು ಬಂದು ಸಂಹಾರ ಮಾಡ್ತಾನಾ?" ಸಂಜೀವಯ್ಯ ಕೇಳಿದ.

"ಯಾರೂ ಬರಲ್ಲ."

"ಜನಕ್ಕೆ ಒಗ್ಗಲ್ಲ ಕಣಪ್ಪ. ರಾಕ್ಷಸ ಅಂದ್ರೆ ಹುಟ್ಟಾ ರಾಕ್ಷಸನೇ ಆಗಿರ್ಬೇಕು."

"ನಾನು ಹುಟ್ಟಾ ಅಂಗಿರ್ಲಿಲ್ಲ," ಎಂದ ತಿಮ್ಮರಾಯಪ್ಪ. "ಶಿರಾ ಕಡೆಯ ರಂಗಯ್ಯ ಅಂತ, ಸೆರೇಲಿ ನನ್ ಪಕ್ಕದಲ್ಲೇ ಮಲಗ್ತಿದ್ದ. ಜ್ವರ ಬಂದು ಏಳಾಕಾಗ್ಲಿಲ್ಲ. ಅವನ ಪಾಲಿನ ಗಂಜಿ ಇಸ್ಕಂಡು ಬತ್ತೀನಿ ಅಂತ ಹೋಗಿ ನಾನೇ ಕುಡ್ಕಂಡೆ. ಐದು ದಿನ. ಆರನೇ ದಿನ ಅವನಿರ್ಲಿಲ್ಲ."

ಸಂಜೀವಯ್ಯ ಎದ್ದುಹೋದ. ವೇಷ ಬೇರೆಯವನ ಪಾಲಾಯಿತು. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಓಬಳಮ್ಮ ಮೂರನೆಯ ದಿನ ಬುತ್ತಿ ಕಟ್ಟಿಕೊಟ್ಟಳು. "ರಂಗಯ್ಯನ ಮನೆಯೋರಿಗೆ ಹೇಳ್ಬುಟ್ಟು ಬಾ."

ಶಿರಾ ಕಡೆಯ ಆ ಊರಿನಲ್ಲಿ ರಂಗಯ್ಯನ ತಾಯಿ ಮುನಿಯಮ್ಮ ಒಬ್ಬಳೇ ಇದ್ದಳು. ಮಗನ ಗೆಳೆಯನೆಂದು ತಿಳಿದದ್ದೇ ಕೈಕಾಲಿಗೆ ನೀರು ಕೊಟ್ಟು, ಮನೆಯಲ್ಲಿದ್ದ ಒಂದೇ ರೊಟ್ಟಿಯನ್ನು ಅವನ ಮುಂದಿಟ್ಟಳು. ಅಂದು ಅವಳ ಹೊಲ ಉತ್ತು ಹಿಂದಿರುಗಿದ. ಮರುತಿಂಗಳು ಹೇಳಿಯೇ ಬರುತ್ತೇನೆಂದು ಹೊರಟವನು ಕಳೆ ಕಿತ್ತು ಬಂದ. ವರ್ಷಗಟ್ಟಲೆ ಹಾಗೆಯೇ ನಡೆಯಿತು.

ಹೋದಾಗಲೆಲ್ಲ ಮುನಿಯಮ್ಮ ಒಂದೇ ಮಾತು ಕೇಳುತ್ತಿದ್ದಳು. "ನನ್ ಮಗ ಕೊನೇಲಿ ಹಸ್ಕಂಡಿರ್ಲಿಲ್ವಲ್ಲಪ್ಪಾ?"

"ಇಲ್ಲ ಕಣಮ್ಮ," ಎಂದು ಅವನು ನೇಗಿಲು ಹೊತ್ತು ಹೊಲದ ಕಡೆ ನಡೆಯುತ್ತಿದ್ದ.