ಎರಡನೇ ಬೆಂಚಿನ ದನಿ

ಹಾಡುವಾಗ ಅವರ ಗದ್ದ ಕತ್ತಿನೊಳಗೆ ಇಳಿದುಬಿಡುತ್ತಿತ್ತು. ಬಾವಿಗೆ ಕೊಡ ಇಳಿಬಿಟ್ಟ ಹಾಗೆ ದನಿ ಎಲ್ಲೋ ತಳದಿಂದ ಬರುತ್ತಿತ್ತು. ಕಣ್ಣು ಮಾತ್ರ ಬಾಗಿಲ ಮೇಲೆ. ಬಾಗಿಲು ಹಾರು ಹೊಡೆದು ತೆರೆದಿರುತ್ತಿತ್ತು. ಕೂತ ಚಾಪೆಯ ಉಳಿದರ್ಧ ಖಾಲಿ. ಹೊರಗಿನ ಗ್ಯಾಲರಿಯಲ್ಲಿ ಒಣಗಲು ಹಾಕಿದ ಸೀರೆಗಳ ಹೊರತು ಇನ್ನೇನೂ ಇಲ್ಲ.

ಐವತ್ತರ ದಶಕದಲ್ಲಿ ಮುಂಬಯಿಯ ವಡಾಲದ ನಮ್ಮ ಚಾಳಿನಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಇದೇ ದೃಶ್ಯ. ನಾನು ಮದುವೆಯಾಗಿ ವಿಜಾಪುರದಿಂದ ಆಗಷ್ಟೇ ಬಂದಿದ್ದೆ. ಗಂಡ ಬಂದರಿನ ಕಚೇರಿಯಲ್ಲಿ ಕಾರಕೂನ. ಪಕ್ಕದ ಖೋಲಿಯಲ್ಲಿ ಅವರೊಬ್ಬರೇ. ಮಾಟುಂಗದ ಕನ್ನಡ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ನಮ್ಮ ಕಡೆ ಹೆಣ್ಣು ಮೇಷ್ಟ್ರಿಗೆ ಅಕ್ಕೋರು ಅನ್ನುತ್ತೇವೆ. ಚಾಳಿನವರಿಗೆಲ್ಲ, ಮರಾಠಿಯವರಿಗೂ, ಅವರು ಅಕ್ಕೋರೇ. ಗದಗಿನ ಕ್ರೈಸ್ತರು, ಮದುವೆಯಾಗಿರಲಿಲ್ಲ, ವಯಸ್ಸು ಐವತ್ತರ ಹತ್ತಿರ.

ನೇರವಾಗಿ ಹೇಳಿಬಿಡುತ್ತೇನೆ, ಅವರ ಹಾಡು ಚೆನ್ನಾಗಿರಲಿಲ್ಲ. ನಮ್ಮಿಬ್ಬರ ಖೋಲಿಗಳ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ, ಒಂದಕ್ಷರ ತಪ್ಪದೆ ಕೇಳುತ್ತಿತ್ತು. ಏರುವುದಿಲ್ಲ, ಇಳಿಯುವುದಿಲ್ಲ, ಎರಡು ಮೂರು ಸ್ವರಗಳ ನಡುವೆ ಆ ಕಡೆ ಈ ಕಡೆ ಓಡಾಡಿಕೊಂಡಿರುವ ಹಾಡು. ಎಲ್ಲಿಗೋ ಹೊರಟು ಮನೆ ಬಾಗಿಲಲ್ಲೇ ನಿಂತುಬಿಟ್ಟ ಹಾಗೆ.

ನನ್ನ ಅತ್ತೆ ಕಿವಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದರು. "ಯವ್ವಾ, ಶುರು ಆತು ನೋಡು. ಈ ಹಾಡು ಕೇಳಿದ್ರ ದೇವರs ಎದ್ದು ಹೋದಾನು. ಸಾಲ್ಯಾಗ ಹುಡುಗ್ರಿಗೆ ಹೆಂಗ ಕಲಸತಾಳೋ!"

ಅತ್ತೆಗೆ ಅಕ್ಕೋರ ಮೇಲೆ ಸಿಟ್ಟೇನೂ ಇರಲಿಲ್ಲ, ಹೆದರಿಕೆಯಿತ್ತು. ನಾನು ಬಂದ ವಾರದಲ್ಲೇ ನನ್ನೆದುರೇ ಅವರಿಂದ ಮಾತು ತೆಗೆದುಕೊಂಡರು. "ನೋಡ್ರಿ ಅಕ್ಕೋರ, ಬಾಜೂ ಮನಿ ಅಂದ ಮ್ಯಾಲ ಕೊಡೂದು ತಗೊಳ್ಳೂದು ಇರ್ತದ. ಆದ್ರ ನಮ್ಮ ಹುಡುಗಿ ಸಣ್ಣಾಕಿ. ನಿಮ್ಮ ಕಡೆ ಎಳಕೋಬಾರದು."

"ಎಳಕೊಳ್ಳೂದಿಲ್ರಿ. ಕೇಳಿದ್ರ ಹೇಳತೇನಿ, ಕೇಳದಿದ್ರ ಇಲ್ಲ."

"ಹಾಡಾಕೂ ಕರೀಬಾರದು."

ಅಕ್ಕೋರು ತಮ್ಮ ಖೋಲಿಯ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ, "ಹಾಡಾಕೂ ಕರಿಯೂದಿಲ್ಲ" ಅಂದರು. ಆ ಮಾತು ಅವರಿಗೆ ಎಷ್ಟು ದುಬಾರಿ ಬಿತ್ತು ಅನ್ನುವುದು ನಮಗೆ ತಿಳಿದದ್ದು ಆಮೇಲೆ.

ತಮಾಷೆ ಏನೆಂದರೆ, ಅವರ ಧರ್ಮದ ಬಗ್ಗೆ ನಾನು ಕೇಳಲಿಲ್ಲ, ಕೇಳಿದ್ದು ಅತ್ತೆಯೇ. ಸಂಜೆ ಗ್ಯಾಲರಿಯಲ್ಲಿ ಜೋಳ ಹಸನು ಮಾಡುತ್ತ ಕೂತಾಗ ಅವರಿಗೆ ಮಾತಾಡದಿದ್ದರೆ ಆಗುತ್ತಿರಲಿಲ್ಲ. ಅಕ್ಕೋರು ಶಾಲೆಯಿಂದ ಬಂದು, ಕಾಲು ತೊಳೆದು, ಹೊಸ್ತಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ಅಲ್ರಿ ಅಕ್ಕೋರ, ಆಗಿನ ಕಾಲದಾಗ ರೈಲಿಲ್ಲ, ಮೋಟಾರಿಲ್ಲ. ನಿಮ್ಮ ಧರ್ಮ ಅಷ್ಟು ದೂರ ಹೆಂಗ ಹೋತು? ರಾಜಾ ದಂಡು ತಗೊಂಡು ಹೋಗಿದ್ನೇನು?"

"ರಾಜಾ ಬಂದದ್ದು ಭಾಳ ತಡಾರಿ. ಮೊದಲ ಹೋದಾವ್ರು ನಮ್ಮಂಥಾವ್ರು."

ಚಾಕ್‌ಪೀಸು ಅವರ ಚೀಲದಲ್ಲಿ ಸದಾ ಇರುತ್ತಿತ್ತು. ಗ್ಯಾಲರಿಯ ನೆಲದ ಮೇಲೆ ಒಂದು ಸಮುದ್ರ ಬರೆದರು, ಹೊಟ್ಟೆ ಬಿಟ್ಟ ಮೀನಿನ ಆಕಾರದ್ದು. ಅತ್ತೆಯ ಎಲೆಅಡಿಕೆ ಡಬ್ಬಿ ತಗೊಂಡು ಒಂದು ಮೂಲೆಗಿಟ್ಟರು. "ಇದು ಯೆರೂಸಲೇಮು. ಇಲ್ಲಿಂದ ಶುರು." ಪಕ್ಕದ ಮೊರದಲ್ಲಿ ನಾವು ಬಿಡಿಸಿಟ್ಟಿದ್ದ ಹುಣಸೆಬೀಜ ಆರಿಸಿಕೊಂಡು ಸಮುದ್ರದ ದಂಡೆಗುಂಟ ಒಂದೊಂದೇ ಇಡುತ್ತ ಹೋದರು. ಅಂತಿಯೋಕ್ಯ, ಎಫೆಸ, ಕೊರಿಂಥ, ದೂರದಲ್ಲಿ ರೋಮ್.

"ಗುಡಾರ ಹೊಲಿಯಾಂವ ಒಬ್ಬ ಇದ್ದ. ಊರಿಂದ ಊರಿಗೆ ಹೋಗೂದು, ಹೊಲಿಯೂದು, ಸಂಜೀಕ ಮಾತಾಡೂದು. ಕೆಂಪು ನೇರಳಿ ಬಣ್ಣದ ಬಟ್ಟಿ ಮಾರಾಕಿ ಒಬ್ಬಾಕಿ ಇದ್ಲು, ಕೈಯಾಗ ನಾಕು ಕಾಸಿತ್ತು, ಬಂದಾವ್ರಿಗೆ ಮನಿ ಬಾಗಲಾ ತೆರದ್ಲು. ಹಡಗಿನ್ಯಾಗಿನ ಕೂಲಿಗೋಳು, ದೊಡ್ಡ ಮನಿ ಆಳುಗೋಳು. ಬಂದರಿನ ಊರಿಗೆ ದುಡಿಯಾಕ ಬಂದಾವ್ರು ಎಲ್ಲಾರೂ. ಅಂತಿಯೋಕ್ಯ ಅಂದ್ರ ಏನಂತೀರಿ, ಥೇಟ್ ನಮ್ಮ ಮುಂಬಯಿ. ಹತ್ತು ಭಾಷಾ, ಹತ್ತು ದೇವರು, ಒಂದರ ಮ್ಯಾಲೊಂದು ಖೋಲಿ."

"ಗುಡಿ ದೊಡ್ಡೂ ಇದ್ದಾವೇನು?"

"ಗುಡೀನs ಇರಲಿಲ್ರಿ ಎಷ್ಟೋ ಕಾಲ. ಯಾರದರೆ ಮನ್ಯಾಗ ಕೂಡೂದು. ಒಂದೂರಾಗ ಹತ್ತು ಮಂದಿ, ಇನ್ನೊಂದರಾಗ ಇಪ್ಪತ್ತು. ಆಳು, ಧಣಿ ಕೂಡೇ ಕುಂತು ರೊಟ್ಟಿ ಮುರಕೊಂಡು ತಿಂತಿದ್ರು. ಬಾಜೂ ಮನಿಯಾವ್ರಿಗೆ ಹೆದರಿಕಿ. ಇವ್ರು ಬಾಗಲಾ ಹಾಕ್ಕೊಂಡು ಏನು ತಿಂತಾರೋ, ಏನು ಮಾಟ ಮಾಡ್ತಾರೋ ಅಂತ."

ಅತ್ತೆ ಜೋಳದಿಂದ ತಲೆ ಎತ್ತಲಿಲ್ಲ. "ಅದಕ್ಕs ಏನು ನೀವು ಬಾಗಲಾ ತೆರೆದಿಟ್ಟು ಹಾಡೂದು?"

"ಹೂಂ. ನಿಮಗ ಹೆದರಿಕಿ ಬ್ಯಾಡಂತ. ಮತ್ತ ಯಾರರೆ ಬಂದ್ರ ಬರಲಿ ಅಂತ."

"ಆಳು ಧಣಿ ಕೂಡಿ ಉಂಡದ್ದು ನಮ್ಮ ಶರಣರೂ ಮಾಡ್ಯಾರ ತಗೋರಿ ಕಲ್ಯಾಣದಾಗ," ಅಂದರು ಅತ್ತೆ, ಸೋಲಬಾರದಲ್ಲ. ಆಮೇಲೆ ನೆಲದ ಮೇಲೆ ಬೆರಳಿಟ್ಟರು. "ಇಲ್ಲಿ ದೂರ ಒಂದು ಬೀಜ ಬಿದ್ದದಲ್ಲ, ಇದ್ಯಾವ ಊರು?"

ಸಮುದ್ರದ ಆಚೆ, ಗ್ಯಾಲರಿಯ ಕಟಕಟೆಯ ಹತ್ತಿರ, ಒಂದೇ ಒಂದು ಹುಣಸೆಬೀಜ.

"ಅದು ವಡಾಲ. ಅದು ನಾನು."

ಅತ್ತೆ ಮೊರದಿಂದ ಇನ್ನೊಂದು ಬೀಜ ಆರಿಸಿ ಅದರ ಪಕ್ಕಕ್ಕಿಟ್ಟರು. "ಇದು ನಾ. ಕೂಡಂಗಿಲ್ಲ ಮತ್ತ. ಬರೇ ಬಾಜೂಕ ಕುಂತೇನಿ."

ಅಕ್ಕೋರು ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಅವರ ಒಂಟಿತನ ಎಂಥದ್ದು ಅಂತ ಮುಂಬಯಿ ಕಂಡವರಿಗೆ ಅರ್ಥವಾದೀತು. ಊರಲ್ಲಿ ಚರ್ಚುಗಳಿಗೆ ಬರವಿರಲಿಲ್ಲ. ಮಂಗಳೂರಿನ ಕೊಂಕಣಿಯವರದು ಬೇರೆ, ಅಲ್ಲಿ ಪೂಜೆಯೇ ಬೇರೆ ತರಹ. ಬೆಳಿಗ್ಗೆ ಮರಾಠಿ ಚರ್ಚಿಗೆ ಹೋಗಿ ಬರುತ್ತಿದ್ದರು, ಹಿಂದಿನ ಸಾಲಲ್ಲಿ ಕೂತು. ಮಧ್ಯಾಹ್ನ ಚಾಪೆ ಹಾಸಿ ಕನ್ನಡದಲ್ಲಿ ತಾವೇ. ಶನಿವಾರ ಶಾಲೆ ಬಿಟ್ಟ ಮೇಲೆ ಮಾಟುಂಗ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿಗೆ ಹೋಗುತ್ತಿದ್ದರು. ಕಾಫಿ ನೆಪ. ಕನ್ನಡದವರು ಈ ಊರಿಗೆ ಬಂದರೆ ಒಂದಲ್ಲ ಒಂದು ದಿನ ಆ ಹೋಟೆಲಿಗೆ ಬರಲೇಬೇಕು. ಗಲ್ಲಾದಲ್ಲಿ ಕೂರುವವರಿಗೆ ಹೇಳಿಟ್ಟಿದ್ದರು, ನಮ್ಮ ಕಡೆಯ ಕ್ರೈಸ್ತರು ಯಾರಾದರೂ ಕಂಡರೆ ನನ್ನ ವಿಳಾಸ ಕೊಡಿ ಅಂತ. ಒಮ್ಮೊಮ್ಮೆ ನಾನೂ ಜೊತೆಗೆ ಹೋಗಿದ್ದುಂಟು. ನಮ್ಮನ್ನು ಕಂಡ ಕೂಡಲೇ ಗಲ್ಲಾದವರು ದೂರದಿಂದಲೇ ತಲೆ ಅಲ್ಲಾಡಿಸುತ್ತಿದ್ದರು. "ಇಲ್ಲ ಮಾರಾಯ್ರೆ, ಈ ವಾರವೂ ಯಾರೂ ಸಿಗ್ಲಿಲ್ಲ."

ಒಂದು ಶನಿವಾರ ತಲೆ ಅಲ್ಲಾಡಿಸಲಿಲ್ಲ. ಎದ್ದೇ ನಿಂತರು. "ಅಕ್ಕೋರೇ, ಸಿಕ್ಕಿದ್ರು! ವಿಕ್ರೋಳಿಯ ಫ್ಯಾಕ್ಟರಿಯಲ್ಲಿ ಫಿಟ್ಟರಂತೆ, ಹುಬ್ಬಳ್ಳಿಯವರು. ಮಸಾಲೆದೋಸೆ ಬಂತು, ಕಣ್ಣು ಮುಚ್ಚಿ ಕೂತ್ರು. ನಾನು ನೋಡ್ತೇನೆ, ದೋಸೆ ತಣ್ಣಗಾಗ್ತಾ ಉಂಟು, ಇವರು ಕಣ್ಣು ತೆಗೀಲಿಕ್ಕಿಲ್ಲ. ಆಗ ಗೊತ್ತಾಯ್ತು, ಇದು ನಿಮ್ಮ ಜನವೇ ಅಂತ. ನಾಳೆ ಬರ್ತಾರೆ."

ಆ ಭಾನುವಾರ ಅಕ್ಕೋರು ಎರಡು ಚಾಪೆ ಹಾಸಿದರು. ಫಿಟ್ಟರ್ ಬಂದ, ಇಸ್ತ್ರಿ ಮಾಡಿದ ಅಂಗಿ, ಉಗುರಿನೊಳಗೆ ಎಣ್ಣೆ ಕಪ್ಪು. ಅತ್ತೆ, ನಾನು ಹಲಗೆಗೆ ಕಿವಿಯಿಟ್ಟು ಕೂತೆವು. ಅಕ್ಕೋರು ಎತ್ತಿಕೊಂಡರು, ಅದೇ ಹಾಡು. ಆತನೂ ಸೇರಿಕೊಂಡ. ಆದರೆ ಇದೇನಿದು? ಆತನದು ಬೇರೆಯೇ ದಾರಿ! ಇವರದು ನಿಂತಲ್ಲೇ ನಿಂತರೆ ಆತನದು ಕೆಳಗೆಲ್ಲೋ ಸುತ್ತುತ್ತಿತ್ತು. ಎರಡಕ್ಕೂ ಹೊಂದಿಕೆಯೇನೋ ಇತ್ತು, ಆದರೆ ಹಾಡು ಅನ್ನುವಂಥದ್ದು ಎರಡರಲ್ಲೂ ಇರಲಿಲ್ಲ. ನಡುವೆಯೇ ಹಾಡು ನಿಂತು ನಗು ಕೇಳಿಸಿತು. ಅಕ್ಕೋರು ನಗುತ್ತಿದ್ದರು, ನಿಲ್ಲಿಸಲಾಗದಂಥ ನಗು. ಕೊನೆಕೊನೆಗೆ ಅದು ನಗುವಿನ ಹಾಗೆ ಕೇಳಿಸಲಿಲ್ಲ.

ಆತ ಹೋದ ಮೇಲೆ ಅತ್ತೆ ತಡೆಯಲಾರದೆ ಹೋಗಿ ಕೇಳಿಯೇಬಿಟ್ಟರು. "ಏನಾತ್ರಿ?"

"ಆತಂದು ಮೂರನೇ ದನಿ ಅಂತ," ಅಂದರು ಅಕ್ಕೋರು, ಕಣ್ಣೊರೆಸಿಕೊಳ್ಳುತ್ತ. "ನಂದು ಎರಡನೇದು. ರಾಗ ಇಬ್ಬರ ಕಡೇನೂ ಇಲ್ಲ."

ಆಗ ಬಿಡಿಸಿ ಹೇಳಿದರು. ಅವರ ಚರ್ಚಿನಲ್ಲಿ ಜರ್ಮನ್ ಪಾದ್ರಿಗಳು ಕನ್ನಡದ ಹಾಡುಗಳನ್ನು ನಾಲ್ಕು ದನಿಯಲ್ಲಿ ಹಾಡಲು ಕಲಿಸಿ ಹೋಗಿದ್ದರು. ಮೊದಲನೇ ಬೆಂಚಿನ ಹೆಂಗಸರು ರಾಗ ಹಾಡಬೇಕು. ಎರಡನೇ ಬೆಂಚಿನವರು ಅದರ ಕೆಳಗೆ ಆನಿಸಿಕೊಂಡು ಹೋಗಬೇಕು. ಆ ಕಡೆ ಗಂಡಸರದು ಎರಡು ದನಿ. ಚಿಕ್ಕಂದಿನಲ್ಲಿ ಯಾವ ಬೆಂಚಿಗೆ ಕೂರಿಸುತ್ತಾರೋ ಸಾಯುವ ತನಕ ಅದೇ ನಿಮ್ಮ ದನಿ. ಅಕ್ಕೋರ ಅಕ್ಕ ಮೊದಲನೇ ಬೆಂಚು. ಇವರು ಆಕೆಯ ಬೆನ್ನ ಹಿಂದೆ, ಎರಡನೆಯದು.

ಅಂದರೆ ಇಷ್ಟು ದಿನ ನಾವು ಗೋಡೆಯಾಚೆಯಿಂದ ಕೇಳಿದ್ದು ಹಾಡಲ್ಲ, ಹಾಡಿನ ಅಡಿಪಾಯ. ಮೇಲೆ ಮನೆಯೇ ಇರಲಿಲ್ಲ.

"ಅಯ್ಯ, ರಾಗ ನಿಮಗ ಬರೂದಿಲ್ಲೇನು? ಅದನ್ನs ಹಾಡ್ರೆಲಾ!" ಅಂದರು ಅತ್ತೆ.

"ಬರ್ತದ್ರಿ. ಆದ್ರ ಅದು ಅಕ್ಕನ ಜಾಗಾ. ನಾ ಅಲ್ಲಿ ಕುಂತರ ನನ್ನ ಜಾಗಾ ಖಾಲಿ ಆಗ್ತದ. ಆ ಬೀಜ ನೆನಪದಾವಲ್ರಿ? ಕೊರಿಂಥದಾವ್ರ ಕಡೆ ಎಲ್ಲಾ ಇರಲಿಲ್ಲ, ಎಫೆಸದಾವ್ರ ಕಡೇನೂ ಇರಲಿಲ್ಲ. ತಮಗ ಕೊಟ್ಟಿದ್ದಷ್ಟು ಹಿಡಕೊಂಡು ಕುಂತ್ರು. ಉಳಿದದ್ದು ಇನ್ನೊಂದೂರಾಗ ಅದ ಅಂತ ನಂಬಿ." ಎರಡನೇ ಚಾಪೆ ಮಡಚುತ್ತ, "ಒಮ್ಮೆರೆ ಈ ಊರಾಗ ನನ್ನ ದನಿ ಮ್ಯಾಲ ರಾಗ ಕೇಳಬೇಕ್ರಿ. ಒಮ್ಮೆ ಸಾಕು. ಅಕ್ಕ ಬರ್ತೇನಿ ಅಂದಾಳ, ಈಸ್ಟರಿಗೆ."

ಅಕ್ಕ ಆ ಈಸ್ಟರಿಗೆ ಬರಲಿಲ್ಲ. ಮಗಳ ಬಾಣಂತನ. ಮುಂದಿನ ಸಲ ಗಂಡನಿಗೆ ಆರಾಮಿರಲಿಲ್ಲ. ಅದರ ಮುಂದೆ ಇನ್ನೇನೋ. ಪ್ರತಿ ವರ್ಷ ಅಕ್ಕೋರು ಹಬ್ಬದ ಹಿಂದಿನ ದಿನ ನಮ್ಮ ಮನೆಯಿಂದ ಒಂದು ಹಾಸಿಗೆ ಕೇಳಿ ಒಯ್ಯುತ್ತಿದ್ದರು, ಹಬ್ಬ ಮುಗಿದ ಮೇಲೆ ಮಡಿಕೆ ಬಿಚ್ಚದೆಯೇ ವಾಪಸು ಕೊಡುತ್ತಿದ್ದರು. ಫಿಟ್ಟರ್ ಕೆಲವು ವಾರ ಬಂದ. ಆಮೇಲೆ ಕಂಪನಿ ಆತನನ್ನು ಕಲ್ಕತ್ತೆಗೆ ಕಳಿಸಿತು. ಮತ್ತೆ ಒಂದೇ ಚಾಪೆ, ತೆರೆದ ಬಾಗಿಲು.

ನಾನು ಪಕ್ಕದಲ್ಲೇ ಇದ್ದೆ, ದನಿಯೂ ಕೆಟ್ಟದಿರಲಿಲ್ಲ. ರಾಗ ಕಲಿಸಿದ್ದರೆ ಎರಡು ದಿನದಲ್ಲಿ ಕಲಿಯುತ್ತಿದ್ದೆ. ಅವರು ಬಾಯಿ ಬಿಟ್ಟು ಒಮ್ಮೆಯೂ ಕೇಳಲಿಲ್ಲ. ಅತ್ತೆಗೆ ಮಾತು ಕೊಟ್ಟಾಗಿತ್ತು. ಒಂದು ಮಧ್ಯಾಹ್ನ ನಾನೇ, "ನಾ ಬರ್ಲೇನ್ರಿ?" ಅಂದದ್ದಕ್ಕೆ ನನ್ನ ಗಲ್ಲ ಮುಟ್ಟಿ, "ಬ್ಯಾಡವಾ, ನಿಮ್ಮತ್ತಿ ನನ್ನ ಬಾಜೂಕ ಕುಂತಾರ. ಅದನ್ನ ಕಳಕೊಳ್ಳಾಕ ನನಗ ಆಗೂದಿಲ್ಲ" ಅಂದರು.

ಒಂದು ಮಳೆಗಾಲ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗದಗಿಗೆ ತಾರು ಹೋಯಿತು, ಆದರೆ ಆ ಮಳೆಯಲ್ಲಿ ಕಾಯುವಂತಿರಲಿಲ್ಲ. ಶಿವಡಿಯ ಕ್ರೈಸ್ತರ ಸ್ಮಶಾನದಲ್ಲಿ ಮರಾಠಿ ಪಾದ್ರಿ ಕೊಡೆ ಹಿಡಿದು ಪ್ರಾರ್ಥನೆ ಮಾಡಿದರು. ಶಾಲೆಯವರು ಒಂದಿಷ್ಟು ಜನ, ಹೋಟೆಲಿನ ಗಲ್ಲಾದವರು, ನಾವು. ಹೆಂಗಸರು ಸ್ಮಶಾನಕ್ಕೆ ಯಾಕೆ ಅಂತ ಚಾಳಿನಲ್ಲಿ ಯಾರೋ ಅಂದಿದ್ದರು. ಅತ್ತೆ ಅವರನ್ನು ದುರುಗುಟ್ಟಿ ನೋಡಿ, "ನಾವೂ ಹೂಳಾವ್ರs, ಅವ್ರೂ ಹೂಳಾವ್ರs. ಒಂದು ಹಿಡಿ ಮಣ್ಣು ಹಾಕಾಕ ಯಾರಪ್ಪನ ಅಪ್ಪಣಿ?" ಅಂದು ಹೊರಟಿದ್ದರು.

ಯಾರೂ ಹಾಡಲಿಲ್ಲ. ಲೋಕಲ್‌ನಲ್ಲಿ ವಾಪಸು ಬರುವಾಗ ಅತ್ತೆ ಆಡಿದ್ದು ಒಂದೇ ಮಾತು. "ಹಾಡಿಲ್ಲದs ಮಣ್ಣು ಮಾಡಿದ್ರಲ್ಲವಾ ಆಕೀನ್ನ."

ಅಕ್ಕ ಬಂದದ್ದು ಭಾನುವಾರ. ಖೋಲಿ ಖಾಲಿ ಮಾಡಲು. ಬಿಳಿ ಸೀರೆಯ ಮುದುಕಿ, ಅದೇ ಗದ್ದ. ಅಳಲಿಲ್ಲ. ನಾನು ನೀರು ಕೊಟ್ಟೆ. "ಎಲ್ಲಿ ಕುಂಡ್ರತಿದ್ಲು?" ಅಂತ ಕೇಳಿದರು. ಚಾಪೆ ಹಾಸಿ ತೋರಿಸಿದೆ. ಬಾಗಿಲು ತೆರೆದಿಟ್ಟು ಈಚೆ ಬಂದೆ.

ಮಧ್ಯಾಹ್ನ ಗೋಡೆಯಾಚೆಯಿಂದ ಒಂದು ಹಾಡು ಬಂತು. ಮುದಿ ದನಿ, ನಡುಗುತ್ತಿತ್ತು, ಆದರೆ ಏರುತ್ತಿತ್ತು, ತಿರುಗುತ್ತಿತ್ತು, ಮತ್ತೆ ಮನೆಗೆ ಬರುತ್ತಿತ್ತು. ಮೊದಲ ಸಾಲಿನಲ್ಲಿ ನನಗೆ ಗುರುತೇ ಸಿಗಲಿಲ್ಲ. ಮಾತುಗಳಿಂದ ಗುರುತಾಯಿತು.

ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಯವ್ವಾ, ಇದs ಏನು ಆ ಹಾಡು? ಎಷ್ಟು ಛಂದ ಐತಲ್ಲವಾ!"

ನಾನು ಹಲಗೆಯ ಕಡೆ ಮುಖ ಮಾಡಿ ನಿಂತಿದ್ದೆ.

"ನಿಂತೀಯಲ್ಲ? ಆಕೀದು ನಿನಗ ಬರ್ತದಲ್ಲ. ಹಾಡು."

ಕೂಡಬಾರದು, ಹಾಡಬಾರದು ಅಂತ ಮಾತು ತೆಗೆದುಕೊಂಡಿದ್ದವರೇ ಅವರು. ನಾನು ಹಲಗೆಯ ಹತ್ತಿರ ಹೋಗಿ ಎರಡನೇ ದನಿ ಎತ್ತಿಕೊಂಡೆ. ಯಾರೂ ಕಲಿಸಿರಲಿಲ್ಲ, ಭಾನುವಾರಗಳು ಕಲಿಸಿದ್ದವು. ಆಚೆಯ ರಾಗ ಒಂದು ಕ್ಷಣ ತಡವರಿಸಿತು, ನಿಂತೇಹೋಯಿತು ಅಂದುಕೊಂಡೆ. ಆಮೇಲೆ ಮೊದಲಿಗಿಂತ ಗಟ್ಟಿಯಾಗಿ ಮುಂದೆ ಹೋಯಿತು, ನನ್ನ ದನಿಯ ಮೇಲೆ ಕಾಲೂರಿಕೊಂಡು. ಕೊನೆಯ ಸಾಲಿನ ತನಕ ಇಬ್ಬರೂ ಹಾಡಿದೆವು, ಮುಖ ಕಾಣದೆ.

ಮುಗಿದಾಗ ನೋಡಿಕೊಂಡೆ. ನನ್ನ ಗದ್ದ ಕತ್ತಿನೊಳಗೆ ಇಳಿದಿತ್ತು, ಕಣ್ಣು ಬಾಗಿಲ ಮೇಲಿತ್ತು. ಗ್ಯಾಲರಿಯಲ್ಲಿ ಒಣಗಲು ಹಾಕಿದ ಸೀರೆಗಳ ಹೊರತು ಇನ್ನೇನೂ ಇರಲಿಲ್ಲ.