ರೋಮಿನ ದಾರಿ, ಅತ್ತೆಯ ಅವರೇಕಾಯಿ

ಸೊಗಡಿನ ಅವರೇಕಾಯಿಯ ರಾಶಿ ಕಂಡರೆ ನಿಮಗೆ ಸಾರು ನೆನಪಾಗುತ್ತದೆ. ನನಗೆ ನೆನಪಾಗುವುದು ರೋಮ್. ನಗಬೇಡಿ! ಕಾಂಪೌಂಡಿನ ಜಗಳಕ್ಕೆ ನನ್ನ ಮೇಲೇ ದಾವೆ ಹೂಡಿರುವ ಪಕ್ಕದ ಮನೆಯವರನ್ನು ಬೈದುಕೊಳ್ಳುತ್ತ ನಿನ್ನೆ ಅರಸೀಕೆರೆ ಸಂತೆಗೆ ಹೋದವನು, ಆ ವಾಸನೆಗೆ ನಡುಸಂತೆಯಲ್ಲೇ ನಿಂತುಬಿಟ್ಟೆ.

ತೊಂಬತ್ತರ ದಶಕದ ಕೊನೆ. ನಾನು ವಕೀಲನ ಕರಿಕೋಟು ಹಾಕಿದ ಹೊಸತು. ನನ್ನಲ್ಲಿ ಗಟ್ಟಿಯಾಗಿದ್ದದ್ದು ಕೋಟಿನ ಇಸ್ತ್ರಿ ಮಾತ್ರ. ಹಾರನಹಳ್ಳಿಯ ಸೋದರತ್ತೆ ನಿಂಗಮ್ಮ ಕೇಸು ತಂದಳು. ಅವಳ ರಾಗಿ ಹೊಲಕ್ಕೆ ಇದ್ದದ್ದು ಒಂದೇ ದಾರಿ, ರಂಗೇಗೌಡರ ತೆಂಗಿನ ತೋಟದೊಳಗಿನ ಗಾಡಿಜಾಡು. ಮದುವೆಯಾಗಿ ಬಂದಾಗಿನಿಂದ ಅವಳು ಓಡಾಡಿದ್ದು ಅಲ್ಲೇ. ಗೌಡರು ಅದಕ್ಕೆ ಮುಳ್ಳುತಂತಿ ಬಿಗಿದಿದ್ದರು. ದಾರಿ ಹೋದರೆ ಹೊಲವೂ ಹೋದಂತೆ.

ಕಾಲೇಜಿನಲ್ಲಿ ತೂಕಡಿಸುತ್ತ ಕೇಳಿದ್ದ ಪಾಠ ಆಗ ಕೈಹಿಡಿಯಿತು. ಬಲವಂತ ಮಾಡದೆ, ಕದ್ದುಮುಚ್ಚಿ ಹೋಗದೆ, ಅಪ್ಪಣೆ ಬೇಡದೆ ಬಹುಕಾಲ ನಡೆದವರಿಗೆ ದಾರಿಯ ಹಕ್ಕು ಹುಟ್ಟುತ್ತದೆ. ರೋಮನ್ನರ ಈ ಮಾತು ಇಂಗ್ಲಿಷರ ಕೈದಾಟಿ ನಮ್ಮ ಕಾನೂನಿಗೂ ಬಂದಿದೆ ಎಂದು ಅತ್ತೆಗೆ ಜಂಬದಿಂದ ವಿವರಿಸಿದೆ.

"ಆ ರೋಮಿನೋರ್ಗೂ ರಂಗೇಗೌಡನಂಥ ಪಕ್ಕದೋನು ಇದ್ನೇನೋ?" ಎಂದಳು.

ಕದ್ದುಮುಚ್ಚಿ ಹೋದ ಮಾತೇ ಇರಲಿಲ್ಲ. ಅತ್ತೆ ಎತ್ತನ್ನು ಗದರಿದರೆ ಅರ್ಧ ಊರಿಗೆ ಕೇಳುತ್ತಿತ್ತು. ತೊಡಕಾದದ್ದು ಅಪ್ಪಣೆ. ಪ್ರತಿ ಸಂಕ್ರಾಂತಿಗೆ ಅವಳು ಗೌಡರ ಮನೆಗೆ ಒಂದು ಮೊರ ಅವರೇಕಾಯಿ ಕೊಡುತ್ತಿದ್ದಳು. ಎದುರು ವಕೀಲರು ಅದನ್ನೇ ಹಿಡಿದರು.

"ದಾರಿ ಬಿಟ್ಟಿದ್ದಕ್ಕೆ ಕೊಟ್ಟಿದ್ದು ತಾನೇ ಅಮ್ಮಾ? ವರ್ಷವರ್ಷವೂ ಅಪ್ಪಣೆ ಕೇಳಿದ ಹಾಗಾಯ್ತು!"

ಹೌದೆಂದರೆ ಕೇಸು ಬಿದ್ದಂತೆ. ಅತ್ತೆ ಕಟಕಟೆಯಲ್ಲೇ ಸೆರಗು ಸಿಕ್ಕಿಸಿದಳು.

"ಅವರೂ ನಮ್ಗೆ ಚೀಲದ ತುಂಬ ತೆಂಗಿನಕಾಯಿ ಕೊಡೋರು ಸ್ವಾಮಿ. ಅದ್ಯಾವ ದಾರಿಗೆ ಕೊಟ್ರಂತೆ? ಅಲ್ಲೇ ಕುಂತವ್ರೆ, ಕೇಳ್ರೀ!"

ಗೌಡರು ಮೊಂಡರೇ ಹೊರತು ಸುಳ್ಳರಲ್ಲ. ತಮ್ಮ ಸರದಿ ಬಂದಾಗ ಗೊಣಗಿದರು: "ಕೊಡ್ತಿದ್ವಿ. ಹಬ್ಬ ಅಲ್ವಾ?"

ಅಷ್ಟು ಸಾಕಾಯಿತು. ಗೆದ್ದೆವು ಕಣ್ರೀ! ತಂತಿ ಬಿಚ್ಚಿದ ದಿನ ಅತ್ತೆ ನನ್ನನ್ನು ಕೋಟಿನ ಸಮೇತ ಗಾಡಿ ಹತ್ತಿಸಿ, ಊರಿಗೆಲ್ಲ ಕೇಳುವಂತೆ ಎತ್ತು ಗದರುತ್ತ ಆ ಜಾಡಿನಲ್ಲಿ ಹೊಡೆದಳು. ಅಂಥ ಮೆರವಣಿಗೆ ನನಗೆ ಮದುವೆಯಲ್ಲೂ ಆಗಲಿಲ್ಲ.

ಮುಂದಿನ ಸಂಕ್ರಾಂತಿಗೆ ಅವಳು ಮತ್ತೆ ಮೊರ ತುಂಬಿದಳು. ಹೌಹಾರಿದೆ: "ಅತ್ತೆ, ಗೌಡ್ರಿಗೆ ಮಾತ್ರ ಬೇಡ! ಅದನ್ನೇ ಹಿಡ್ಕೊಂಡು ಅಪೀಲು ಹಾಕ್ತಾರೆ!"

"ಹಾಕ್ಲಿ ಬಿಡೋ. ದಾರಿ ನಂದು ಅಂತ ಕೋರ್ಟೇ ಹೇಳೈತೆ. ಅವರೇಕಾಯೂ ನಂದೇ. ಯಾರಿಗ್ ಕೊಡ್ಲಿ ಅಂತ ರೋಮಿಗ್ ಹೋಗಿ ಕೇಳ್ಲಾ?"

ನಿನ್ನೆ ಎರಡು ಚೀಲ ಅವರೇಕಾಯಿ ಕೊಂಡೆ. ಒಂದು ನಮ್ಮ ಮನೆಗೆ. ಇನ್ನೊಂದನ್ನು ಪಕ್ಕದ ಮನೆಯ ಬಾಗಿಲು ತಟ್ಟಿ ಕೊಟ್ಟುಬಂದೆ. ಕೇಸಿನಲ್ಲಿ ಮಾತ್ರ ಬಿಟ್ಟುಕೊಡುವುದಿಲ್ಲ, ಗೆಲ್ಲುವವನೂ ನಾನೇ.