ಮುಳ್ಳುಕಂಟಿಯ ಈಚೆಯಿಂದ ತುಂಬಿದ ಉಡಿ

ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲೊಂದು, ಕೈ ಕೆಳಗೊಂದು. ಫೋನು ಬಂದಾಗ ಎರಡೂ ಕೈಗೆ ಜೋಳದ ಹಿಟ್ಟು. ಕಿರುಬೆರಳಿನಿಂದ ಸ್ಪೀಕರ್ ಒತ್ತಿದೆ. ನಮ್ಮ ಮನೆಯವರು ಪರೇಲಿನ ಒಂದು ಆಸ್ಪತ್ರೆಯ ಸ್ಟೋರಿನಲ್ಲಿ ಗುಮಾಸ್ತರು. ಲಾಕ್‌ಡೌನಿನಲ್ಲಿ ಲೋಕಲ್ ರೈಲು ನಿಂತ ಮೇಲೂ ಆಸ್ಪತ್ರೆಯ ಬಸ್ಸಿನಲ್ಲಿ ಮುಲುಂಡಿನಿಂದ ದಿನಾ ಹೋಗಿ ಬರುತ್ತಿದ್ದರು.

"ಗಾಬರಿ ಆಗಬ್ಯಾಡ," ಅಂದರು. "ಟೆಸ್ಟ್ ಪಾಸಿಟಿವ್ ಬಂದದ. ಇಲ್ಲೇ ಇಟ್ಕೊಂಡಾರ. ಉಸಿರಿಗೇನೂ ತ್ರಾಸ ಇಲ್ಲ."

ಕೇಳಬೇಕಾದದ್ದು ನೂರಿತ್ತು. ಆದರೆ ನನ್ನ ಬಾಯಿಂದ ಮೊದಲು ಬಂದದ್ದು ಬೇರೆಯೇ ಮಾತು. "ಅಯ್ಯ ಶಿವನ, ನಿನ್ನೆ ನಾ ಉಡಿ ತುಂಬಲಿಕ್ಕೆ ಹೋಗಿದ್ನಲ್ರಿ." ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು.

ಯಾರ ಉಡಿ ಎಂದು ಹೇಳಬೇಕು. ನಮ್ಮ ಬಿಲ್ಡಿಂಗಿನ ಬೆನ್ನಿಗೇ ಗುಡ್ಡ, ಗುಡ್ಡದ ಮೇಲೆ ಕಾಡು. ಕಾಡಿನ ಅಂಚಿಗೆ ಆದಿವಾಸಿಗಳ ಹದಿನೈದು ಮನೆ. ಅದಕ್ಕೆ ಇಲ್ಲಿ ಪಾಡಾ ಎನ್ನುತ್ತಾರೆ. ಈ ಶಹರ ಹುಟ್ಟುವುದಕ್ಕಿಂತ ಮೊದಲೇ ಅಲ್ಲಿದ್ದವರು ಅವರು. ಆ ಪಾಡಾದ ಒಬ್ಬ ಹೆಂಗಸು, ಎಲ್ಲರ ಬಾಯಲ್ಲಿ ಮಾವಶಿ, ಹದಿನಾಲ್ಕು ವರ್ಷದಿಂದ ಸೋಮವಾರ ಬೆಳಿಗ್ಗೆ ನನ್ನ ಪೂಜೆಗೆ ಬಿಲ್ವಪತ್ರೆ ತಂದುಕೊಡುತ್ತಿದ್ದಳು. ಹೊಸ್ತಿಲಾಚೆ ಕುಳಿತು ಚಹಾ ಕುಡಿದು, ಅವಳಿಗೆಂದೇ ಇಟ್ಟ ಲೋಟ ತೊಳೆದಿಟ್ಟು ಹೋಗುತ್ತಿದ್ದಳು. ಉಳಿದಂತೆ ಸ್ಟೇಷನ್ನಿನ ಹೊರಗೆ ಕಾಡಿನ ಸೊಪ್ಪು, ಬೇವಿನ ಕಡ್ಡಿ, ಮಾವಿನ ಎಲೆ ಮಾರಾಟ. ರೈಲು ನಿಂತಿತು, ಸೊಪ್ಪು ಕೊಳ್ಳುವವರು ಇಲ್ಲವಾದರು. ಅವಳ ಮಗ ಹೌಸಿಂಗ್ ಸೊಸೈಟಿಗಳಲ್ಲಿ ಮಾಲಿ. ಸೊಸೈಟಿಗಳು ಗೇಟು ಮುಚ್ಚಿದವು. ಪಾಡಾದಲ್ಲಿ ಒಂದು ಹೊತ್ತು ರೇಷನ್ ಅಕ್ಕಿಯ ಗಂಜಿ, ಇನ್ನೊಂದು ಹೊತ್ತು ಕಾಡಿನ ಗೆಡ್ಡೆ ಎಂದು ಕೇಳಿದ್ದೆ. ಅಂಥದರಲ್ಲಿ ಮಾವಶಿಯ ಸೊಸೆಗೆ ಒಂಬತ್ತು ತಿಂಗಳು.

ಬಸುರಿಯ ಉಡಿ ತುಂಬದೆ ಬಿಡುವುದು ನಮ್ಮ ವಿಜಯಪುರದ ಕಡೆ ಆಗದ ಮಾತು. ಉಪವಾಸ ಬಿದ್ದವರ ಮನೆಗೆ ಉಡಿಯ ನೆವದಲ್ಲಿ ನಾಲ್ಕು ದಿನದ ಅಕ್ಕಿಯೂ ಮುಟ್ಟಲಿ ಎಂದುಕೊಂಡೆ. ಒಂದು ಕೈಚೀಲದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಹಸಿರು ರವಿಕೆ ಖಣ ಇಟ್ಟೆ. ಪಾಡಾದ ಹುಡುಗರಿಗೆಂದು ಶೇಂಗಾದ ಉಂಡಿಯನ್ನೂ ಇಟ್ಟು, ಖಣದ ಅಂಚು ಹೊರಗೆ ಕಾಣುವಂತೆ ಚೀಲದ ಬಾಯಿ ಕಟ್ಟಿದೆ. ತರಕಾರಿ ತರಲಿಕ್ಕೆ ಹೊರಗೆ ಬಿಡುವ ಹೊತ್ತಿನಲ್ಲಿ ಗುಡ್ಡ ಹತ್ತಿದೆ.

ದಾರಿಗೆ ಅಡ್ಡವಾಗಿ ಮುಳ್ಳುಕಂಟಿ ಎಳೆದಿದ್ದರು. ಅದರಾಚೆ ಹತ್ತು ಹೆಜ್ಜೆ ಹಿಂದೆ ಮಾವಶಿ ನಿಂತಿದ್ದಳು. ಅವಳ ಮಾತು ಮರಾಠಿ; ನನ್ನ ನೆನಪಿನಲ್ಲಿ ಅದು ನಮ್ಮ ಮಾತಾಗಿಯೇ ಉಳಿದಿದೆ. ನನ್ನನ್ನು ಅವಳು ಕರೆಯುವುದು ಮಾತ್ರ ವಹಿನಿ, ಅಂದರೆ ಅತ್ತಿಗೆ, ಎಂದೇ.

"ಅಲ್ಲೇ ನಿಲ್ಲು ವಹಿನಿ. ನಿಮ್ಮ ಮನಿಯವರು ದವಾಖಾನಿಗೆ ಹೋಗಿ ಬರ್ತಾರ. ಚೀಲ ಆ ಕಲ್ಲಿನ ಮ್ಯಾಲ ಇಡು. ಮೂರು ಬಿಸಿಲು ಕಾಣಲಿ."

ರೋಗ ತಿರುಗಾಡುವ ಕಾಲದಲ್ಲಿ ಅವರ ಅಜ್ಜಿಯರ ಕಾಲದಿಂದಲೂ ಇದೇ ಕಟ್ಟಳೆಯಂತೆ. ಹೊರಗಿನ ವಸ್ತು ಮೂರು ದಿನ ಬಿಸಿಲಿನಲ್ಲಿ ಬಿದ್ದಿರಬೇಕು, ಹೊರಗಿನ ಮನುಷ್ಯ ಕಂಟಿ ದಾಟಬಾರದು. ದೂರದಿಂದ ಎಲ್ಲಾದರೂ ಉಡಿ ತುಂಬುತ್ತಾರೇನು, ಎರಡು ನಿಮಿಷದ ಕೆಲಸ, ಕಂಟಿ ಸ್ವಲ್ಪ ಸರಿಸು ಎಂದು ಪರಿಪರಿಯಾಗಿ ಕೇಳಿದೆ. ಕೈ ಕಂಟಿಯ ಮೇಲೆ ಹೋಗಿಯೂ ಇತ್ತು.

"ಬಾಯಿ ನಿಂದು, ಕೈ ನಂದು," ಅಂದಳು ಮಾವಶಿ. "ನೀ ಅಲ್ಲಿಂದ ಹರಸು, ನಾ ಇಲ್ಲಿ ತುಂಬತೀನಿ."

ಸೊಸೆಯನ್ನು ಕರೆದು, ತನ್ನ ಮನೆಯ ಡಬ್ಬಿಯಿಂದಲೇ ಒಂದು ಹಿಡಿ ರೇಷನ್ ಅಕ್ಕಿ, ಎರಡು ಕಾಡುಮಾವಿನಕಾಯಿ ತಂದು ಉಡಿಗೆ ಹಾಕಿದಳು. ನಾನು ಈಚೆಯಿಂದ, ಮಾಸ್ಕಿನೊಳಗಿಂದ, ಉಡಿ ಹಸಿರಾಗಿರಲಿ ತಾಯಿ, ಸುಖವಾಗಿ ಒಂದು ಜೀವ ಎರಡಾಗಲಿ ಎಂದು ಕೂಗಿದೆ. ಹುಡುಗಿ ಸೆರಗು ಬಾಯಿಗೆ ಹಿಡಿದು ನಕ್ಕಳು.

ಏನೇನಿದೆ ಎಂದು ಕೂಗಿ ಹೇಳಿ ಚೀಲವನ್ನು ಕಲ್ಲಿನ ಮೇಲಿಟ್ಟು, ಸಿಟ್ಟಿನಿಂದಲೇ ಇಳಿದು ಬಂದೆ. ಇಷ್ಟು ವರ್ಷ ನನ್ನ ಕೈಯ ಚಹಾ ಕುಡಿದವಳಿಗೆ ನನ್ನ ಕೊಬ್ಬರಿ ಮೈಲಿಗೆಯಾಯಿತೇ ಎಂದುಕೊಂಡೆ. ಆ ರಾತ್ರಿ ಊಟವೂ ಸೇರಲಿಲ್ಲ.

ಮರುದಿನವೇ ಆ ಫೋನು. ಮುನಿಸಿಪಾಲಿಟಿಯವರು ಬಂದು ಟೆಸ್ಟಿಗೆಂದು ನನ್ನ ಮೂಗಿನಿಂದಲೂ ದ್ರವ ತೆಗೆದುಕೊಂಡು ಹೋದರು. ಬಿಲ್ಡಿಂಗಿಗೆ ಪಟ್ಟಿ ಕಟ್ಟಿ ಸೀಲ್ ಮಾಡಿದರು. ಸಂಜೆಗೆ ನನ್ನದೂ ಹೌದು ಎಂದು ಬಂತು. ನನಗೆ ಮೈನೋವು ಬಿಟ್ಟರೆ ಬೇರೇನೂ ಇರಲಿಲ್ಲ, ಮನೆಯಲ್ಲೇ ಇರಿ ಎಂದರು. ಆದರೆ ಚೀಲದ ಒಂದೊಂದು ವಸ್ತುವನ್ನೂ ನಾನೇ ಮುಟ್ಟಿ ಕಟ್ಟಿದ್ದು. ಹಸಿದ ಮಂದಿ, ಕಣ್ಣೆದುರಿಗೆ ಅಕ್ಕಿ, ಉಂಡಿ. ಯಾವ ಕಟ್ಟಳೆ ತಡೆದೀತು? ಆ ತುಂಬು ಬಸುರಿ ಒಂದು ಚೂರು ಕೊಬ್ಬರಿ ಬಾಯಿಗೆ ಹಾಕಿಕೊಂಡಿದ್ದರೆ? ಮಾವಶಿಯ ಮಗನ ಫೋನಿಗೆ ರೀಚಾರ್ಜ್ ಇರಲಿಲ್ಲ. ಶಿವನ ಮುಂದೆ ದೀಪ ಹಚ್ಚಿದೆ. ನಮ್ಮ ಮನೆಯವರನ್ನು ಉಳಿಸು ಎನ್ನುವ ಮೊದಲು, ಆ ಹುಡುಗಿಯನ್ನು ನನ್ನಿಂದ ಉಳಿಸು ಎಂದು ಬೇಡಿದೆ.

ಬೆಳಿಗ್ಗೆ ಹಾಲಿನ ಭೈಯಾ ಬಂದ. ಅವನ ಎಮ್ಮೆಯ ತಬೇಲಾ ಇರುವುದು ಗುಡ್ಡದ ಬುಡಕ್ಕೆ. ಕಿಟಕಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಸಿದೆ, ಅವನು ಹಾಲಿನ ಪಾಕೀಟು ಹಾಕಿದ. ಮೇಲಿನಿಂದಲೇ ಕೂಗಿ, ಕಂಟಿಯ ತನಕ ಹೋಗಿ ಮಾವಶಿಗೆ ಹೇಳು, ಚೀಲ ಯಾರೂ ಮುಟ್ಟಬೇಡಿ, ನನಗೆ ರೋಗ ಬಂದಿದೆ ಎಂದು ಬೇಡಿಕೊಂಡೆ. ಮಧ್ಯಾಹ್ನ ಅವನು ತಿರುಗಿ ಬಂದು ಕಿಟಕಿಯ ಕೆಳಗೆ ನಿಂತು ಕರೆದ.

"ಭಾಭೀಜಿ, ಚೀಲ ಕಲ್ಲಿನ ಮೇಲೇ ಇದೆ. ಗಂಟು ಕೂಡ ಬಿಚ್ಚಿಲ್ಲ. ಹುಡುಗರು ಪಾಳಿ ಹಾಕಿಕೊಂಡು ದೂರ ಕೂತಿದ್ದಾರೆ, ಮಂಗ ಬಂದರೆ ಕಲ್ಲು ಹೊಡೆಯೋಕೆ. ನಾವೇನು ಹುಚ್ಚರಾ ಅಂತ ಮಾವಶಿ ಕೇಳಿದಳು. ನಿಮ್ಮ ಖಣದ ಬಣ್ಣ ಬಿಸಿಲಿಗೆ ಹೋಗುತ್ತಂತೆ, ಅದಕ್ಕೆ ನೀವೇ ಜವಾಬ್ದಾರಿ ಅಂತೆ."

 ನಮ್ಮ ಬಿಲ್ಡಿಂಗಿಗೆ ಕ್ಯಾಮರಾ ಇತ್ತು, ವಾಚ್‌ಮನ್ ಇದ್ದ, ಪೊಲೀಸರ ಹೆದರಿಕೆ ಇತ್ತು. ಆದರೂ ಎರಡನೇ ಮಾಳಿಗೆಯವರು ಗುಟ್ಕಾಕ್ಕೆಂದು ಹಿಂದಿನ ಗೋಡೆ ಹಾರುತ್ತಿದ್ದರು. ಇದೇ ಶಹರದ ಜೋಗೇಶ್ವರಿಯ ಖೋಲಿಗಳಲ್ಲಿ ನಮ್ಮ ಕಡೆಯ ಗಾರೆ ಕೆಲಸದ ಗೌಂಡಿಗಳು ಹತ್ತು ಜನ ಒಂದೇ ಕೋಣೆಯಲ್ಲಿ ಉಸಿರಾಡುತ್ತಿದ್ದರು. ಪಾಪ, ಅಡ್ಡ ಎಳೆಯಲಿಕ್ಕೆ ಅವರಿಗೆ ಕಂಟಿಯೂ ಇರಲಿಲ್ಲ, ದಾರಿಯೂ ಇರಲಿಲ್ಲ. ಇಲ್ಲಿ ಹೊಟ್ಟೆ ಹಸಿದ ಮಕ್ಕಳು ಶೇಂಗಾದ ಉಂಡಿಗೆ ಕಾವಲು ಕೂತಿದ್ದವು. ಎಷ್ಟು ಏಕಾದಶಿ, ಎಷ್ಟು ಸೋಮವಾರ ನಾನು ಉಪವಾಸ ಮಾಡಿದ್ದೇನೆ! ಮನೆಯಲ್ಲಿ ತುಂಬಿದ ಡಬ್ಬಿಗಳನ್ನು ಇಟ್ಟುಕೊಂಡು. ಅಂದು ನನ್ನ ವ್ರತ ನನಗೇ ಬಹಳ ಸಣ್ಣದಾಗಿ ಕಂಡಿತು.

ಮೂರು ಬಿಸಿಲು ಕಂಡ ಮೇಲೆ ಚೀಲ ಬಿಚ್ಚಿದರಂತೆ. ಆಮೇಲಿನ ದಿನಗಳಲ್ಲಿ ಬುಟ್ಟಿ ಇಳಿಸುವಾಗೆಲ್ಲ ಒಂದೇ ಪ್ರಶ್ನೆ: ಮೇಲೆ ಯಾರಿಗಾದರೂ ಜ್ವರ? ಭೈಯಾ ದಿನಾ ಇಲ್ಲವೆನ್ನುತ್ತಿದ್ದ. ನಾನು ಅದನ್ನೇ ಒಂದೊಂದು ಕೃಪೆಯೆಂದು ಎಣಿಸುತ್ತಿದ್ದೆ. ನಮ್ಮ ಮನೆಯವರ ಜ್ವರ ಬಿಟ್ಟಿತು, ಅನ್ನದ ವಾಸನೆ ತಿಳಿಯುತ್ತಿದೆ ಎಂದರು. ಅದೂ ಒಂದು.

ಹದಿಮೂರನೆಯ ದಿನ ಭೈಯಾ ಹಾಲು ಹಾಕುವುದಕ್ಕಿಂತ ಮೊದಲೇ ಕೂಗಿದ. ಬೆಳಗಿನ ಜಾವ ಪಾಡಾದಲ್ಲೇ, ಮುದುಕಿಯರ ಕೈಯಲ್ಲಿ ಹೆರಿಗೆ ಆಗಿತ್ತು. ಹೆಣ್ಣುಮಗು. ತಾಯಿ ಗಂಜಿ ಕುಡಿದು ಮಲಗಿದ್ದಾಳೆ, ಹದಿನೈದು ಮನೆಯಲ್ಲಿ ಒಬ್ಬರಿಗೂ ಕೆಮ್ಮಿಲ್ಲ ಎಂದ. ಮಾವಶಿ ಏನಾದರೂ ಹೇಳಿದಳಾ ಎಂದು ಕೇಳಿದೆ.

"ವಹಿನಿಯ ಬಾಯಿ ಒಳ್ಳೇದು ಅಂದಳು," ಎಂದು ಅವನು ನಕ್ಕ. "ಕಾಲು ಮಾತ್ರ ಸುಮ್ಮನೆ ಇರೋದಿಲ್ಲವಂತೆ."

ಗುಡ್ಡದ ಕಡೆ ತಿರುಗಿ ಕೈ ಮುಗಿದೆ. ಒಳಗೆ ದೇವರ ಜಗುಲಿ ಇದ್ದದ್ದು ಬೇರೆ ದಿಕ್ಕಿಗೆ. ಅಷ್ಟರಲ್ಲಿ ಬಚ್ಚಲಿನ ನಲ್ಲಿ ಬುಸ್ ಎಂದು ಗಾಳಿ ಬಿಟ್ಟಿತು. ಮುನಿಸಿಪಾಲಿಟಿಯ ನೀರು ಇರುವುದು ಮುಕ್ಕಾಲು ತಾಸು. ಸೀರೆ ಎತ್ತಿ ಕಟ್ಟಿಕೊಂಡು ಕೊಡ ತೊಳೆಯಲಿಕ್ಕೆ ಹೋದೆ.